ಕರುಳು ಸಾರ ಹೀರದಿದ್ದರೆ ಅದಕ್ಕೇನು ಹೆಸರು? ‘ಕೊರತೆ’, ‘ಅಪಶೋಷಣೆ’, ‘ಮೈಗೆ ಹತ್ತದು’

ಗೆಳೆಯರೇ,

ಜಠರ ಇಲ್ಲವೇ ಅನ್ನನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆದವರಿಗಾಗಿ ಊಟೋಪಚಾರದ ಒಂದು ಕಿರುಹೊತ್ತಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂಡಿ ನಿಂತಿದೆ. ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಮಾಲ್‌ಅಬ್ಸಾರ್ಪ್ಷನ್’. ತಿಂದದ್ದರ ಸಾರ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರದೆ ಹಾಗೆಯೇ ಹೊರಟುಹೋಗುವುದು ಎಂದು ಅರ್ಥ.

ಸಂಸ್ಕೃತದ ದಾರಿ ಹಿಡಿದು ಮೊದಲು ‘ಅಪಶೋಷಣೆ’ ಎಂದು ಬರೆದೆ. ಓದಿದವರೊಬ್ಬರು ಯಾರೋ ದುಡಿಸಿಕೊಂಡು ಕೂಲಿ ಕೊಟ್ಟಿಲ್ಲವೇನೋ ಅಂದುಕೊಂಡರಂತೆ. ‘ಅಜೀರ್ಣ’ ಸರಿಹೋಗುವುದಿಲ್ಲ. ಅರಗುವುದು ಒಂದು ಕೆಲಸ, ಅರಗಿದ್ದನ್ನು ಒಳಗೆಳೆದುಕೊಳ್ಳುವುದು ಇನ್ನೊಂದು. ‘ಅಪೌಷ್ಟಿಕತೆ’ ಕೊನೆಗೆ ಬರುವ ಫಲವೇ ಹೊರತು ಕಾರಣವಲ್ಲ.

ಹಾಗಾಗಿ ‘ಜೀವಸತ್ವಗಳ ಕೊರತೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೆ. ಅದಕ್ಕೆ ಕಲ್ಲು ಹಾಕಿದ್ದು ನಮ್ಮ ದೊಡ್ಡಮ್ಮ. ದೊಡ್ಡಪ್ಪನ ಜಠರವನ್ನು ಪೂರ್ತಿ ತೆಗೆದಿದ್ದಾರೆ. ಕರಡು ಓದಿದವರೇ, ‘ಹೊತ್ತುಹೊತ್ತಿಗೆ ತಿನ್ನಿಸ್ತಾನೇ ಇದೀನಲ್ಲಪ್ಪ, ಕೊರತೆ ಎಲ್ಲಿಂದ ಬಂತು?’ ಎಂದರು. ಮುಖ ಸಣ್ಣದಾಗಿತ್ತು. ಕೊರತೆ ಎಂದರೆ ಬಡಿಸುವವರು ಕಡಿಮೆ ಮಾಡಿದರು ಎಂದೇ ಅವರ ಕಿವಿಗೆ ಬಿದ್ದಿತ್ತು. ‘ಹಾಗಲ್ಲ ದೊಡ್ಡಮ್ಮ, ತಿಂದದ್ದು ಮೈಗೆ ಹತ್ತುತ್ತಿಲ್ಲ’ ಎಂದೆ. ‘ಹಾಗನ್ನು ಮತ್ತೆ’ ಎಂದು ಸಮಾಧಾನವಾದರು. ನಾನು ವಾರದಿಂದ ಹುಡುಕುತ್ತಿದ್ದುದು ಬಾಯಲ್ಲೇ ಇತ್ತು!

ಆದರೆ ಅದನ್ನು ಪಾರಿಭಾಷಿಕವಾಗಿ ಬಳಸಲು ಹೊರಟರೆ ಎರಡು ತೊಡಕು. ಒಂದು, ‘ಮೈಗೆ ಹತ್ತು’ ಎಂದಾಗ ನಮ್ಮ ಕಣ್ಣು ಹೋಗುವುದು ಮೈ ತುಂಬಿಕೊಳ್ಳುವುದರ ಕಡೆಗೆ. ಇಲ್ಲಿ ಹಾಗಿಲ್ಲ. ತೂಕ ಮರಳಿ ಬಂದು ನೋಡಲು ಚೆನ್ನಾಗಿಯೇ ಇರುವವರಲ್ಲೂ ಬಿ12 ಎಂಬ ಜೀವಸತ್ವ ಬರಿದಾಗುತ್ತಿರಬಹುದು. ಬಿ12 ರಕ್ತಕ್ಕೆ ಸೇರಬೇಕಾದರೆ ಜಠರದ ಗೋಡೆಯಲ್ಲಿ ಸ್ರವಿಸುವ ಒಂದು ಪ್ರೋಟೀನು ಅದರ ಕೈಹಿಡಿದು ಸಣ್ಣಕರುಳಿನ ಕೊನೆಯವರೆಗೆ ಕರೆದೊಯ್ಯಬೇಕು. ಜಠರ ಪೂರ್ತಿ ಹೋದರೆ ಆ ಪ್ರೋಟೀನೂ ಹೋಯಿತು. ಯಕೃತ್ತಿನಲ್ಲಿ ಕೂಡಿಟ್ಟ ದಾಸ್ತಾನು ಕೆಲವು ವರ್ಷ ಬರುವುದರಿಂದ ಕೂಡಲೇ ಗೊತ್ತಾಗುವುದಿಲ್ಲ. ಎಲ್ಲ ಮುಗಿಯಿತು ಎಂದು ನಿರಾಳವಾಗಿರುವ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಡವರಿಸುತ್ತದೆ. ಇನ್ನೊಂದು ತೊಡಕು ವ್ಯಾಕರಣದ್ದು. ‘ಮೈಗೆ ಹತ್ತದಿರುವಿಕೆ’ ಉದ್ದವಾಯಿತು. ‘ಮೈಗೂಡದಿಕೆ’ ಎನ್ನೋಣವೆಂದರೆ ‘ಮೈಗೂಡು’ ಈಗಾಗಲೇ ಗುಣ, ಅಭ್ಯಾಸಗಳ ಪಾಲಾಗಿದೆ. ಸದ್ಯಕ್ಕೆ ‘ಸಾರಹೀರಿಕೆಯ ಕುಂದು’ ಎಂದು ಇಟ್ಟುಕೊಂಡು, ಮೊದಲ ಸಲ ಬಂದಲ್ಲಿ ‘ಅಂದರೆ ತಿಂದದ್ದು ಮೈಗೆ ಹತ್ತದಿರುವುದು’ ಎಂದು ಬಿಡಿಸಿದ್ದೇನೆ.

ಇದರ ಬೆನ್ನಿಗೇ ‘ಶಕ್ತಿ ಇಂಜೆಕ್ಷನ್’. ಬಿ12 ಚುಚ್ಚುಮದ್ದಿಗೆ ಜನ ಹೀಗೆನ್ನುವುದನ್ನು ಕೇಳಿದ್ದೇನೆ. ಮುದ್ದಾದ ಮಾತು, ಆದರೆ ಅಪಾಯದ್ದು. ಸುಸ್ತಾದಾಗ ತೆಗೆದುಕೊಂಡರಾಯಿತು, ಚೆನ್ನಾಗಿದ್ದರೆ ಬೇಡ ಎಂಬ ಧ್ವನಿ ಅದರಲ್ಲಿದೆ. ಜಠರ ಪೂರ್ತಿ ತೆಗೆದವರಿಗೆ ಬಿ12 ಜೀವನಪೂರ್ತಿ, ವೈದ್ಯರು ಹೇಳಿದ ಕ್ರಮದಲ್ಲಿ ಬೇಕು. ಬಿ12 ಬಿಟ್ಟು ಬರೀ ಫೋಲಿಕ್ ಆಮ್ಲ (ಇದೂ ಬಿ ಗುಂಪಿನದೇ ಇನ್ನೊಂದು ಜೀವಸತ್ವ) ನುಂಗಿದರೆ ರಕ್ತ ಸರಿಹೋದಂತೆ ಕಾಣಬಹುದು, ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ. ‘ಬದಲಿ ಚುಚ್ಚುಮದ್ದು’ ಎಂದರೆ ಹೇಗೆ? ಮೈ ತಾನೇ ಒಳಗೆಳೆದುಕೊಳ್ಳಲಾರದ್ದನ್ನು ಬದಲಿಯಾಗಿ ಕೊಡುವುದು ಎಂಬರ್ಥದಲ್ಲಿ.

‘ರಕ್ತ ಕಡಿಮೆ ಇದೆ’ ಎಂಬ ಆಡುಮಾತನ್ನು ಬಿಡುವ ಮನಸ್ಸಿಲ್ಲ, ಆದರೆ ಅದು ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಕಬ್ಬಿಣ ಸಾಲದೆ ಬರುವ ರಕ್ತಹೀನತೆಯಲ್ಲಿ ಕೆಂಪುಕಣ ಸಣ್ಣದಾಗುತ್ತದೆ, ಬಿ12 ಸಾಲದೆ ಬರುವುದರಲ್ಲಿ ದೊಡ್ಡದಾಗುತ್ತದೆ. ಜಠರದ ಆಮ್ಲ ತಪ್ಪಿದ್ದರಿಂದ ಮತ್ತು ಊಟ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದಕ್ಕೆ ಹೋಗುವಂತೆ ಜೋಡಿಸಿದ್ದರೆ ಅದರಿಂದಲೂ ಕಬ್ಬಿಣ ಸರಿಯಾಗಿ ಒಳಸೇರುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗೂ ಆಮ್ಲ ಬೇಕು, ಸಿಟ್ರೇಟ್‌ಗೆ ಅಷ್ಟಾಗಿ ಬೇಡ.

‘ಜೀವಸತ್ವ’ವೋ ‘ಅನ್ನಾಂಗ’ವೋ ಎಂಬ ಜಗಳಕ್ಕೆ ನಾನಿಲ್ಲ. 1912ರಲ್ಲಿ ಜೀವರಸಾಯನ ವಿಜ್ಞಾನಿ ಕ್ಯಾಸಿಮಿರ್ ಫಂಕ್, ಜೀವಕ್ಕೆ ಬೇಕಾದ ಅಮೈನು ಎಂಬರ್ಥದಲ್ಲಿ ‘ವಿಟಮಿನ್’ ಎಂದು ಹೆಸರಿಟ್ಟಾಗ ಇವೆಲ್ಲ ಅಮೈನುಗಳು (ಸಾರಜನಕವಿರುವ ಒಂದು ಬಗೆಯ ರಾಸಾಯನಿಕಗಳು) ಎಂದು ನಂಬಿದ್ದರು. ಎಲ್ಲವೂ ಅಲ್ಲ ಎಂದು ಆಮೇಲೆ ತಿಳಿಯಿತು. ಮೂಲ ಹೆಸರೇ ತಪ್ಪಿನ ಮೇಲೆ ನಿಂತಿರುವಾಗ ನಮ್ಮದು ಯಾವುದಾದರೂ ನಡೆದೀತು.

‘ಗ್ಯಾಸ್ಟ್ರಿಕ್’ ಮಾತ್ರ ಹೊತ್ತಗೆಯೊಳಗೆ ಕಾಲಿಡಕೂಡದು. ಕನ್ನಡದಲ್ಲಿ ಅದು ಜಠರಕ್ಕೆ ಸಂಬಂಧಿಸಿದ್ದು ಎಂಬ ಅರ್ಥ ಕಳೆದುಕೊಂಡು ಬಹಳ ಕಾಲವಾಯಿತು. ‘ನಂಗೆ ಗ್ಯಾಸ್ಟ್ರಿಕ್’ ಎಂದರೆ ಹೊಟ್ಟೆಯುಬ್ಬರ, ಎದೆಯುರಿ ಅಷ್ಟೇ. ‘ಗ್ಯಾಸ್ಟ್ರಿಕ್ ಕ್ಯಾನ್ಸರ್’ ಎಂದು ಓದಿದವರು ಗ್ಯಾಸಿನಿಂದ ಕ್ಯಾನ್ಸರ್ ಬಂತು ಎಂದುಕೊಳ್ಳುತ್ತಾರೆ. ‘ಹೊಟ್ಟೆ’ಯದೂ ಇದೇ ಪಾಡು. ‘ಹೊಟ್ಟೆ ತೆಗೆದರು’ ಎಂದರೆ ಏನು ಉಳಿಯಿತು ಎಂದು ಗಾಬರಿಯಾಗುತ್ತದೆ. ಅನ್ನನಾಳ ತೆಗೆದಾಗಲಂತೂ ಸಾಮಾನ್ಯವಾಗಿ ಜಠರವನ್ನೇ ಕೊಳವೆ ಮಾಡಿ ಎದೆಗೂಡಿಗೆ ಎಳೆದು ಜೋಡಿಸುತ್ತಾರೆ. ಅಲ್ಲಿ ‘ಹೊಟ್ಟೆ’ ಎಂದು ಬರೆದರೆ ದೇವರೇ ಗತಿ.

ಕೊನೆಗೆ ‘ಡಂಪಿಂಗ್’. ಉಂಡದ್ದು, ಅದರಲ್ಲೂ ಸಿಹಿ, ತಡೆಯಿಲ್ಲದೆ ಸಣ್ಣಕರುಳಿಗೆ ನುಗ್ಗುವುದು. ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ. ಕೆಲವರಿಗೆ ಒಂದರಿಂದ ಮೂರು ಗಂಟೆ ಕಳೆದ ಮೇಲೆ ರಕ್ತದ ಸಕ್ಕರೆ ಕುಸಿದು ನಡುಕ. ಡಂಪಿಂಗ್ ಎಂದರೆ ನಮಗೆ ಕಸ ಸುರಿಯುವ ಜಾಗ ನೆನಪಾಗುತ್ತದೆ. ‘ದಿಢೀರ್ ಇಳಿತ’ ಎಂದರೆ ರಕ್ತದೊತ್ತಡ ಇಳಿದಂತೆ ಕೇಳಿಸುತ್ತದೆ. ನನ್ನ ಒಲವು ‘ಊಟದ ನುಗ್ಗು’ ಕಡೆಗಿದೆ: ‘ಮುನ್ನುಗ್ಗು’, ‘ತಡನುಗ್ಗು’ ಎಂದು ಎರಡು ಮಾಡಬಹುದು. ಆದರೆ ‘ಮುನ್ನುಗ್ಗು’ ಎಂದೊಡನೆ ಸೈನಿಕರು ಕಣ್ಣಮುಂದೆ ಬರುತ್ತಾರೆ. ಕಾಯಿಲೆಯವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ, ಅವರು ಅಂದದ್ದನ್ನು ಅಂದ ಹಾಗೆಯೇ ಬರೆದು ತಿಳಿಸುತ್ತೀರಾ?