ವಿಮಾನದ ಭಯವನ್ನು ದಾಟಿದವರು ತಮ್ಮ ಅನುಭವ ತಿಳಿಸಿ

ಕೇಳಿದವರು, ಶಿವಮೊಗ್ಗ

ನನಗೆ 59 ವರ್ಷ. ಮಾರ್ಚ್‌ನಲ್ಲಿ ಮಗಳ ಹೆರಿಗೆ ಇದೆ, ಅವಳು ಸ್ಯಾನ್ ಫ್ರಾನ್ಸಿಸ್ಕೋ ಬಳಿ ಇರುತ್ತಾಳೆ. ಬಾಣಂತನಕ್ಕೆ ನಾನೇ ಹೋಗಬೇಕು, ಹೋಗುವ ಆಸೆಯೂ ಬೆಟ್ಟದಷ್ಟಿದೆ. ಆದರೆ ನಾನು ಈವರೆಗೆ ವಿಮಾನ ಹತ್ತಿದ್ದು ಒಂದೇ ಬಾರಿ, ಬೆಂಗಳೂರಿನಿಂದ ದೆಹಲಿಗೆ. ನಡುದಾರಿಯಲ್ಲಿ ವಿಮಾನ ಕುಲುಕಾಡಿದಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಮುಂಗೈಯನ್ನು ಹಿಡಿದುಕೊಂಡಿದ್ದೆ. ಇಳಿಯುವ ಹೊತ್ತಿಗೆ ಆಕೆಯ ಕೈಮೇಲೆ ನನ್ನ ನಾಲ್ಕು ಉಗುರಿನ ಗುರುತು ಮೂಡಿತ್ತು. ವಾಪಸು ಬರುವ ಟಿಕೆಟನ್ನು ಬಿಟ್ಟು, ಎರಡು ರಾತ್ರಿ ರೈಲಿನಲ್ಲಿ ಕುಳಿತು ಊರಿಗೆ ಬಂದೆ. ಈಗ ಅಳಿಯಂದಿರು ಟಿಕೆಟ್ ಮಾಡಿಸಲೇ ಎಂದು ಕೇಳಿದಾಗಲೆಲ್ಲ ಮಂಡಿನೋವಿನ ನೆಪ ಹೇಳುತ್ತಿದ್ದೇನೆ. ಎಂಜಿನ್ ನಿಂತುಹೋದರೆ ಎಂಬ ಯೋಚನೆ ಬಂದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಇದೇ ಭಯವಿದ್ದು ಅದನ್ನು ದಾಟಿದವರು ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ.

ಮಂಗಳೂರಿನಿಂದ

ಅಕ್ಕ, ನಾನು ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದವನು, ಭಯ ಹುಟ್ಟಿದ್ದು ಅದರ ನಡುವೆ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಬದುಕಿ ಉಳಿದವರು ಎಂಟೇ ಜನ. ಆ ವರ್ಷ ಜುಲೈಯಲ್ಲಿ ನನ್ನ ರಜೆ ಇತ್ತು. ಎರಡು ಬಾರಿ ಟಿಕೆಟ್ ರದ್ದು ಮಾಡಿದೆ. ಕೊನೆಗೆ, ಗುಡ್ಡ ಕಡಿದು ಮಾಡಿದ ರನ್‌ವೇಯ ಸಹವಾಸವೇ ಬೇಡವೆಂದು ಕಲ್ಲಿಕೋಟೆಗೆ ಇಳಿದು ರೈಲಿನಲ್ಲಿ ಊರು ಸೇರಿದೆ. ಕಲ್ಲಿಕೋಟೆಯದೂ ಅಂಥದ್ದೇ ಗುಡ್ಡದ ಮೇಲಿನ ರನ್‌ವೇ ಎಂದು ಮನೆಗೆ ಬಂದ ಮೇಲೆ ಭಾವ ಹೇಳಿ ನಕ್ಕರು. ಭಯಕ್ಕೆ ಲೆಕ್ಕಾಚಾರ ತಿಳಿಯುವುದಿಲ್ಲ ಎಂಬುದು ನನಗೆ ಅಂದು ಅರ್ಥವಾಯಿತು. ಆದ್ದರಿಂದ ‘ರಸ್ತೆಗಿಂತ ವಿಮಾನವೇ ಸುರಕ್ಷಿತ’ ಎಂದು ಯಾರಾದರೂ ಅಂಕಿಅಂಶ ಮುಂದಿಟ್ಟರೆ, ಅದು ನಿಜವೇ ಆಗಿದ್ದರೂ ನಿಮಗೆ ಸಮಾಧಾನವಾಗದಿದ್ದರೆ ಬೇಸರಪಡಬೇಡಿ, ನನಗೂ ಆಗಲಿಲ್ಲ. ನನಗೆ ಪ್ರಯೋಜನವಾದದ್ದು ಎರಡು: ಹೊರಡುವ ಮುಂಚಿನ ವಾರ ಅಪಘಾತದ ವೀಡಿಯೋ ನೋಡುವುದನ್ನು ಪೂರ್ತಿಯಾಗಿ ನಿಲ್ಲಿಸಿದ್ದು, ಮತ್ತು ತಪ್ಪಿಸಿಕೊಂಡ ಪ್ರತಿಯೊಂದು ಪ್ರಯಾಣವೂ ಮುಂದಿನದನ್ನು ಇನ್ನಷ್ಟು ಕಷ್ಟ ಮಾಡುತ್ತದೆ ಎಂದು ಕಂಡುಕೊಂಡದ್ದು. ಮರುವರ್ಷ ಬಜ್ಪೆಯಲ್ಲೇ ಇಳಿದೆ. ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು, ಆದರೆ ಇಳಿದೆ.

ಬೆಂಗಳೂರಿನಿಂದ, ವಿಮಾನ ದುರಸ್ತಿ ವಿಭಾಗದಿಂದ ನಿವೃತ್ತನಾದವನು

ನನ್ನ ಹೆಂಡತಿಗೂ ಈ ಭಯವಿತ್ತು. ಅವಳ ಜೊತೆ ಕುಳಿತು ಹೋಗುವಾಗ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ: ಪ್ರತಿ ಸದ್ದೂ ಬರುವ ಮೊದಲೇ ಅದರ ಹೆಸರು ಹೇಳುವುದು. ನೆಲ ಬಿಟ್ಟ ಕೆಲವು ಕ್ಷಣಗಳಲ್ಲಿ ಪಾದದ ಕೆಳಗೆ ‘ಧಡ್’ ಎನ್ನುತ್ತದೆ, ಚಕ್ರಗಳು ಒಳಗೆ ಮಡಚಿಕೊಳ್ಳುವ ಸದ್ದು ಅದು. ಆಮೇಲೆ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಮೊರೆತ ಒಮ್ಮೆಲೇ ತಗ್ಗುತ್ತದೆ, ಹೊಟ್ಟೆಯಲ್ಲಿ ಕೆಳಗೆ ಜಾರಿದಂತಾಗುತ್ತದೆ. ಬಹಳ ಜನ ‘ಎಂಜಿನ್ ನಿಂತಿತು’ ಎಂದು ಕಣ್ಣು ಮುಚ್ಚಿಕೊಳ್ಳುವುದು ಈ ಗಳಿಗೆಯಲ್ಲಿಯೇ. ವಾಸ್ತವದಲ್ಲಿ ನೆಲದಿಂದ ಏಳಲು ಬೇಕಿದ್ದ ಪೂರ್ಣ ಶಕ್ತಿ ಇನ್ನು ಬೇಡವೆಂದು ತಗ್ಗಿಸಿರುತ್ತಾರೆ, ವಿಮಾನ ಆಗಲೂ ಮೇಲೇರುತ್ತಲೇ ಇರುತ್ತದೆ. ಏರ್‌ಬಸ್ 320ರಲ್ಲಿ ಹೊರಡುವ ಮುನ್ನ ನೆಲದಡಿಯಲ್ಲಿ ನಾಯಿ ಬೊಗಳಿದಂತೆ ಸದ್ದು ಬಂದರೆ ಗಾಬರಿಯಾಗಬೇಡಿ. ಒಂದು ಹೈಡ್ರಾಲಿಕ್ (ದ್ರವದ ಒತ್ತಡದಿಂದ ನಡೆಯುವ) ವ್ಯವಸ್ಥೆಯ ಒತ್ತಡದಿಂದ ಇನ್ನೊಂದಕ್ಕೆ ಬಲ ಕೊಡುವ ಪಂಪು ಅದು. ನನ್ನ ಹೆಂಡತಿ ಈಗ ಅದಕ್ಕಾಗಿ ಕಾಯುತ್ತಾಳೆ, ಕೇಳಿಸದಿದ್ದರೆ ನನ್ನ ಮುಖ ನೋಡುತ್ತಾಳೆ.

ಕುಲುಕಾಟದ ಬಗ್ಗೆ ಹೇಳುವುದಾದರೆ, ‘ಏರ್ ಪಾಕೆಟ್’ ಎಂಬ ಮಾತೇ ದಾರಿ ತಪ್ಪಿಸುವಂಥದ್ದು, ಆಕಾಶದಲ್ಲಿ ಗಾಳಿಯಿಲ್ಲದ ಗುಂಡಿ ಎಂಬುದಿಲ್ಲ. ಹೊಳೆಯ ನೀರು ಬಂಡೆಯ ಹಿಂದೆ ಸುಳಿಯುವಂತೆ ಗಾಳಿಯೂ ಸುಳಿಯುತ್ತದೆ, ದೋಣಿ ಅದರ ಮೇಲೆ ಹಾಯುತ್ತದೆ. ರೆಕ್ಕೆಯ ತುದಿ ಮೇಲೆ ಕೆಳಗೆ ಆಡುವುದನ್ನು ಕಂಡು ಹೆದರುವವರಿಗೆ ನಾನು 1995ರಲ್ಲಿ ಬೋಯಿಂಗ್ ಕಂಪನಿ ತನ್ನ 777 ವಿಮಾನದ ರೆಕ್ಕೆಯನ್ನು ಬೇಕೆಂದೇ ಮುರಿದ ಪರೀಕ್ಷೆಯ ಕಥೆ ಹೇಳುತ್ತೇನೆ. ಹಾರಾಟದಲ್ಲಿ ಎದುರಾಗಬಹುದಾದ ಗರಿಷ್ಠ ಹೊರೆಯ ಒಂದೂವರೆ ಪಟ್ಟನ್ನು ರೆಕ್ಕೆ ತಾಳಬೇಕೆಂಬುದು ನಿಯಮ, ಅದು ಶೇ. 154ರವರೆಗೆ ತಾಳಿ, ತುದಿ ಏಳು ಮೀಟರಿಗೂ ಹೆಚ್ಚು ಮೇಲಕ್ಕೆ ಬಾಗಿದ ಮೇಲೆ ಮುರಿಯಿತು. ಬಾಗುವುದೇ ಅದರ ಬಲ. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ, ಆದ್ದರಿಂದ ಕುಳಿತಷ್ಟು ಹೊತ್ತೂ ಬೆಲ್ಟ್ ಇರಲಿ. ರೆಕ್ಕೆಯ ಸಾಲಿನಲ್ಲಿ ಸೀಟು ಕೇಳಿ, ಬಾಲದ ಕಡೆಗಿಂತ ಅಲ್ಲಿ ಅಲುಗಾಟ ಕಡಿಮೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಏಳುವುದರಿಂದ ಬೆಳಗಿನ ವಿಮಾನವೇ ಮೇಲು.

ಎಂಜಿನ್ ನಿಂತರೆ ಎಂಬ ನಿಮ್ಮ ಪ್ರಶ್ನೆಗೂ ಉತ್ತರವಿದೆ. ಒಂದು ನಿಂತರೆ ಇನ್ನೊಂದರಲ್ಲೇ ಹಾರಿ ಇಳಿಯುವಂತೆ ವಿಮಾನವನ್ನು ಕಟ್ಟಿರುತ್ತಾರೆ. ಎರಡೂ ನಿಂತರೂ ಅದು ಕಲ್ಲಿನಂತೆ ಬೀಳುವುದಿಲ್ಲ, ಹದ್ದಿನಂತೆ ತೇಲುತ್ತದೆ. 2001ರ ಆಗಸ್ಟ್ 24ರಂದು ಟೊರಾಂಟೋದಿಂದ ಲಿಸ್ಬನ್ನಿಗೆ ಹೊರಟಿದ್ದ ಏರ್‌ಬಸ್ 330 ವಿಮಾನದ ಇಂಧನ ಅಟ್ಲಾಂಟಿಕ್ ಸಾಗರದ ಮೇಲೆ ಸೋರಿ ಮುಗಿದುಹೋಯಿತು. ಎರಡೂ ಎಂಜಿನ್ ಇಲ್ಲದೆ ಸುಮಾರು 19 ನಿಮಿಷ ತೇಲಿಕೊಂಡು ಬಂದು ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಒಳಗಿದ್ದ 306 ಜನರೂ ಬದುಕಿದರು.

ಧಾರವಾಡದಿಂದ

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಸಂಬಂಧಿಕರೊಬ್ಬರು ಕೊಟ್ಟ ನಿದ್ದೆಯ ಮಾತ್ರೆಯನ್ನು ನುಂಗಿ, ಸಾಲದೆಂದು ವಿಮಾನ ನಿಲ್ದಾಣದಲ್ಲಿ ಎರಡು ಪೆಗ್ ಕುಡಿದು ಹತ್ತಿದೆ. ನಡುವೆ ಎಚ್ಚರವಾದಾಗ ಎಲ್ಲಿದ್ದೇನೆಂದೇ ತಿಳಿಯದೆ ಎದ್ದು ನಿಂತು ಕೂಗಾಡಿದೆನಂತೆ. ಮಾತ್ರೆ ಮತ್ತು ಮದ್ಯ ಸೇರಿದರೆ ಉಸಿರಾಟಕ್ಕೇ ಕುತ್ತು ಬರಬಹುದಿತ್ತು ಎಂದು ವೈದ್ಯರು ಆಮೇಲೆ ಬೈದರು. ಔಷಧ ಬೇಕೆನಿಸಿದರೆ ನಿಮ್ಮ ಬಿಪಿ, ಸಕ್ಕರೆ ಎಲ್ಲ ತಿಳಿದಿರುವ ವೈದ್ಯರೇ ಬರೆದುಕೊಡಲಿ.

ಅನಂತರ ಮನಃಶಾಸ್ತ್ರಜ್ಞರೊಬ್ಬರ ಬಳಿ ಹೋದೆ. ಅವರು ನನ್ನಿಂದ ಭಯದ ಮೆಟ್ಟಿಲುಗಳನ್ನು ಬರೆಸಿದರು: ವಿಮಾನದ ಚಿತ್ರ ನೋಡುವುದು, ಸದ್ದು ಕೇಳುವುದು, ನಿಲ್ದಾಣದವರೆಗೆ ಹೋಗಿ ಬರುವುದು, ಒಂದು ಗಂಟೆಯ ಹಾರಾಟ, ಹೀಗೆ. ಒಂದು ಮೆಟ್ಟಿಲಿನ ಮೇಲೆ ಎದೆಬಡಿತ ತಾನಾಗಿ ಇಳಿಯುವವರೆಗೆ ನಿಲ್ಲಬೇಕು, ಏರಿದಾಗ ಓಡಿಬಿಡಬಾರದು, ಇಷ್ಟೇ ಅದರ ಗುಟ್ಟು. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನೂ ಕಲಿಸಿದರು. ಹೋಗಲು ಸಂಕೋಚವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ನನಗೆ ಭಯ ಪೂರ್ತಿ ಹೋಗಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ, ಆದರೆ ಟಿಕೆಟ್ ರದ್ದು ಮಾಡುವುದು ನಿಂತಿದೆ.

ಮೈಸೂರಿನಿಂದ

ನಾನು ಇಬ್ಬರು ಹೆಣ್ಣುಮಕ್ಕಳ ಬಾಣಂತನಕ್ಕೂ ಹೋಗಿ ಬಂದವಳು. ನಾನು ಹೋದದ್ದು ಫ್ರಾಂಕ್‌ಫರ್ಟ್ ಮೂಲಕ. ಅಲ್ಲಿಗೆ ಸುಮಾರು 10 ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 11 ಗಂಟೆ. ನಡುವೆ ನೆಲದ ಮೇಲೆ ಕಾಲಿಟ್ಟು ನಡೆದಾಡಿದ್ದು ನನಗೆ ಹಿತವಾಯಿತು. ಹತ್ತಿದ ಕೂಡಲೇ ಗಗನಸಖಿಗೆ ‘ನನಗೆ ಭಯ’ ಎಂದು ಹೇಳಿಬಿಡಿ, ಅದರಲ್ಲಿ ನಾಚಿಕೆಯೇನಿಲ್ಲ. ಆ ಹುಡುಗಿ ಕುಲುಕಾಟವಾದಾಗಲೆಲ್ಲ ನನ್ನ ಸಾಲಿನತ್ತ ನೋಡಿ ಮುಗುಳ್ನಗುತ್ತಿದ್ದಳು. ಕೈಗೆ ಕೆಲಸವಿರಬೇಕೆಂದು ಒಂದು ಕಟ್ಟು ಹತ್ತಿ ಒಯ್ದಿದ್ದೆ. ಫ್ರಾಂಕ್‌ಫರ್ಟ್ ಬರುವಷ್ಟರಲ್ಲಿ ಎರಡು ಗೆಜ್ಜೆವಸ್ತ್ರ ಮತ್ತು ಎಣಿಸಿ ನೂರೆಂಟು ಹೂಬತ್ತಿ ಆಗಿದ್ದವು. ಪಕ್ಕದಲ್ಲಿದ್ದ ಜರ್ಮನ್ ಅಜ್ಜಿ ಒಂದು ಬತ್ತಿ ಹೊಸೆಯಲು ಕಲಿತೂಬಿಟ್ಟರು. ಕಿವಿ ಮುಚ್ಚಿಕೊಂಡು ಉಸಿರು ಕಟ್ಟಿದಂತೆನಿಸಿದರೆ ಹೆದರಬೇಡಿ, ಒಳಗಿನ ಗಾಳಿ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಇರುವಷ್ಟೇ ಅಥವಾ ಸ್ವಲ್ಪ ತೆಳುವಾಗಿರುತ್ತದೆ ಎಂದು ಅಳಿಯ ಹೇಳಿದ್ದರು. ಮುಳ್ಳಯ್ಯನಗಿರಿಯನ್ನು ನಾನು ಹತ್ತಿದ್ದೇನೆ, ಆದ್ದರಿಂದ ಧೈರ್ಯ ಬಂತು.

ಕೇಳಿದವರು, ಮೂರು ವಾರದ ನಂತರ

ಧಾರವಾಡದವರು ಹೇಳಿದ ಮೆಟ್ಟಿಲುಗಳನ್ನು ಬರೆದುಕೊಂಡೆ. ನಮ್ಮ ಸೋಗಾನೆಯಲ್ಲೇ 2023ರಿಂದ ವಿಮಾನ ನಿಲ್ದಾಣ ಇರುವಾಗ ಬೆಂಗಳೂರಿನವರೆಗಿನ ಚಿಕ್ಕ ಹಾರಾಟದಿಂದಲೇ ಆರಂಭಿಸಬಹುದು ಎಂದು ತೋರಿತು. ಮೊದಲ ಭಾನುವಾರ ಒಳಗೆ ಹೋಗದೆ, ಹೊರಗೆ ನಿಂತು ವಿಮಾನ ಏರುವುದನ್ನು ನೋಡಿ ಬಂದೆ. ಕಳೆದ ಶನಿವಾರ ಮಗನ ಜೊತೆ ಹತ್ತಿದೆ. ಅದು ಪಂಖದ ಎಟಿಆರ್ ವಿಮಾನ, ರೆಕ್ಕೆ ಕಿಟಕಿಯ ಮೇಲ್ಗಡೆ ಇರುವುದರಿಂದ ಕೆಳಗಿನ ಚಕ್ರ ನಮ್ಮ ಸೀಟಿಗೆ ನೇರವಾಗಿ ಕಾಣುತ್ತಿತ್ತು. ನೆಲ ಬಿಟ್ಟಾಗ ಚಕ್ರ ಇನ್ನೂ ತಿರುಗುತ್ತಲೇ ಇತ್ತು, ಅದಕ್ಕೆ ಹಸಿ ಮಣ್ಣು ಅಂಟಿತ್ತು. ಅದು ನಿಧಾನವಾಗಿ ಒಳಗೆ ಮಡಚಿಕೊಂಡಿತು. ‘ಧಡ್’ ಎಂದಾಗ ನಾನು ಮಗನಿಗೆ ಅದರ ಹೆಸರು ಹೇಳಿದೆ. ಮೋಡದೊಳಗೆ ಎರಡು ಬಾರಿ ಅಲುಗಾಡಿತು. ಕೈ ಹಿಡಿದದ್ದು ಹೌದು, ಆದರೆ ಈ ಬಾರಿ ಮಗನ ಕೈ, ಉಗುರು ಊರಲಿಲ್ಲ. ಅಳಿಯಂದಿರಿಗೆ ಫ್ರಾಂಕ್‌ಫರ್ಟ್ ಮೂಲಕ ಟಿಕೆಟ್ ನೋಡಲು ಹೇಳಿದ್ದೇನೆ. ಮೈಸೂರಿನವರೇ, ಹತ್ತಿಯನ್ನು ಕೈಚೀಲದಲ್ಲಿ ಒಯ್ದಾಗ ತಪಾಸಣೆಯಲ್ಲಿ ಯಾರಾದರೂ ಏನಾದರೂ ಕೇಳಿದರೇ?