ಸಹಾಯ ಬೇಕು: ಸಮುದ್ರದಿಂದ ದಡಕ್ಕೆ ಸೈನ್ಯ ಇಳಿಸುವ ತಂತ್ರಜ್ಞಾನ

ನಮಸ್ಕಾರ ಗೆಳೆಯರೇ. ಸೆಮಿನಾರಿಗೆ ಈ ವಿಷಯ ಆರಿಸಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ.

ನಾನು ನೋಡುತ್ತಿರುವುದು ಅಮೆರಿಕದ ಮರೀನ್ ಪಡೆಯ ಕಥೆ. 1933ರ ನವೆಂಬರಿನಲ್ಲಿ ಕ್ವಾಂಟಿಕೊದಲ್ಲಿದ್ದ ಆ ಪಡೆಯ ತರಬೇತಿ ಶಾಲೆಯಲ್ಲಿ ಪಾಠ ನಿಲ್ಲಿಸಿ, ಅಧಿಕಾರಿಗಳನ್ನೆಲ್ಲ ಕೂರಿಸಿ ದಡಕ್ಕೆ ಇಳಿಯುವ ಯುದ್ಧದ ಕೈಪಿಡಿ ಬರೆಸಿದರು. ಆಗ ಅವರ ಕೈಯಲ್ಲಿ ಸರಿಯಾದ ದೋಣಿಯೇ ಇರಲಿಲ್ಲ! ಮೊದಲು ಯೋಜನೆ, ಆಮೇಲೆ ಯಂತ್ರ. ನನಗೆ ತುಂಬಾ ಹಿಡಿಸಿದ್ದು ಇದೇ.

ಯಂತ್ರ ಬಂದದ್ದಾದರೂ ಎಲ್ಲಿಂದ? ಫ್ಲೋರಿಡಾದಲ್ಲಿ ಡೊನಾಲ್ಡ್ ರೋಬ್ಲಿಂಗ್ ಚಂಡಮಾರುತದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡಲು ಮಾಡಿದ್ದ 'ಅಲಿಗೇಟರ್' ಎಂಬ ಚೈನ್‌ಗಾಲಿಯ ಗಾಡಿ ಮುಂದೆ ಎಲ್‌ವಿಟಿ, ಅಂದರೆ ನೀರಿನಲ್ಲೂ ನೆಲದ ಮೇಲೂ ಓಡುವ ಸೈನಿಕ ಗಾಡಿ ಆಯಿತು. ಸೈನಿಕರನ್ನು ದಡಕ್ಕೆ ಇಳಿಸುವ ಹಿಗಿನ್ಸ್ ದೋಣಿಯ ಮೂಲವೂ ಲೂಯಿಸಿಯಾನಾದ ಜೌಗು ನೀರಿನಲ್ಲಿ ಓಡುತ್ತಿದ್ದ ದೋಣಿ. ಮುಂದೆ ಬೀಳುವ ಬಾಗಿಲು ಮಾತ್ರ ಜಪಾನೀಯರ ದೋಣಿ ನೋಡಿ ಹೊಳೆದದ್ದು.

1943ರ ನವೆಂಬರ್ 20ರಂದು ಮರೀನರು ಪೆಸಿಫಿಕ್ ಸಾಗರದಲ್ಲಿ ಜಪಾನೀಯರ ವಶದಲ್ಲಿದ್ದ ತಾರಾವಾದಲ್ಲಿ ಇಳಿಯುವಾಗ ಉಬ್ಬರ ಸಾಕಷ್ಟು ಏರಲಿಲ್ಲ. ಹಿಗಿನ್ಸ್ ದೋಣಿಗಳು ಹವಳದ ದಿಬ್ಬ ದಾಟಲಾಗದೆ ನಿಂತವು. ಎಲ್‌ವಿಟಿಗಳು ಅದರ ಮೇಲೆ ಹತ್ತಿ ಹೋದವು, ಆದರೆ ಇದ್ದದ್ದು ಸುಮಾರು 125 ಅಷ್ಟೇ. ದೋಣಿಗಳಲ್ಲಿ ಉಳಿದ ಸೈನಿಕರು ಗುಂಡಿನ ಮಳೆಯಲ್ಲಿ ನೀರಿನಲ್ಲೇ ನಡೆದರು.

ನನ್ನ ಗೊಂದಲ ಇಷ್ಟೇ. ಯಾವ ಯಂತ್ರ ಎಷ್ಟು ಬೇಕು ಅಂತ ವರ್ಷಗಳ ಮೊದಲೇ ಲೆಕ್ಕ ಹಾಕುವುದು ಹೇಗೆ? ದಡದ ಇಳಿಜಾರು, ಉಬ್ಬರ, ಅಲೆಯನ್ನು ವಿನ್ಯಾಸದಲ್ಲಿ ಹೇಗೆ ಸೇರಿಸುತ್ತಾರೆ? ನೌಕಾಪಡೆಯ ಲ್ಯಾಂಡಿಂಗ್ ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು ಇಲ್ಲಿ ಯಾರಾದರೂ ಇದ್ದೀರಾ? ಗುಟ್ಟಿನ ವಿಷಯ ಖಂಡಿತ ಬೇಡ, ಸಾಮಾನ್ಯ ವಿವರ ಸಾಕು. ಓದಲು ಏನಾದರೂ ಇದ್ದರೆ ಅದನ್ನೂ ತಿಳಿಸಿ. ಸೆಮಿನಾರ್ ಮುಂದಿನ ಶನಿವಾರ.