ಕಂತಿನ ಡಿಕ್ರಿ: ನಡುವೆ ಕಂತು ನಿಂತರೆ ಪೂರ್ತಿ ಬಾಕಿಗೆ ಅಮಲ್ಜಾರಿ ಹಾಕಬಹುದಾ?

ಪ್ರಶ್ನೆ
ಸಾಲ ವಸೂಲಿ ದಾವೆಯಲ್ಲಿ 3,00,000 ರೂ. ಹಾಗೂ ವರ್ಷಕ್ಕೆ ಶೇ. 6 ಬಡ್ಡಿಗೆ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಮಾನದ ಆದೇಶ) ಆಗಿದೆ. ತಿಂಗಳಿಗೆ 10,000ದಂತೆ ಕಟ್ಟಲು ಕೋರ್ಟ್ ಕಂತು ಕೊಟ್ಟಿದೆ. ಐದು ಕಂತು ಬಂದವು. ನಾಲ್ಕು ಬ್ಯಾಂಕಿಗೆ, ಒಂದು ನಗದು. ಈಗ ಎರಡು ತಿಂಗಳಿಂದ ಇಲ್ಲ. ಪೂರ್ತಿ ಬಾಕಿ ಒಟ್ಟಿಗೆ ಕೇಳಬಹುದಾ? ಬಡ್ಡಿ ಲೆಕ್ಕ ಹೇಗೆ? ಕಟ್ಟಬೇಕಾದವರು ಸಂಬಳದ ನೌಕರರು.

ಉತ್ತರ 1
ಮೊದಲು ಡಿಕ್ರಿಯ ಸರ್ಟಿಫೈಡ್ ಕಾಪಿ ತೆಗೆದು ಓದಿ. "ಕಂತು ತಪ್ಪಿದರೆ ಉಳಿದ ಮೊತ್ತವನ್ನೆಲ್ಲ ಒಮ್ಮೆಲೇ ವಸೂಲು ಮಾಡಬಹುದು" ಎಂಬ ಷರತ್ತು ಇದ್ದರೆ ಪೂರ್ತಿಗೆ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವ ಅರ್ಜಿ) ಹಾಕಿ. ಇಲ್ಲದಿದ್ದರೆ ತಪ್ಪಿದ ಎರಡು ಕಂತಿಗೆ ಮಾತ್ರ. ಷರತ್ತು ಇದ್ದೂ ತಡವಾದ ಕಂತುಗಳನ್ನು ಸುಮ್ಮನೆ ತೆಗೆದುಕೊಳ್ಳುತ್ತಾ ಹೋಗಬೇಡಿ, ನೀವು ಮನ್ನಿಸಿಬಿಟ್ಟಿರಿ ಎಂಬ ವಾದ ಬರುತ್ತದೆ. ಹಕ್ಕು ಬಿಟ್ಟಿಲ್ಲ ಎಂದು ಪತ್ರ ಬರೆದೇ ತೆಗೆದುಕೊಳ್ಳಿ. ಅಮಲ್ಜಾರಿ ಅರ್ಜಿಗೆ ಕಾಲಮಿತಿ 12 ವರ್ಷ. ಕಂತಿನ ಡಿಕ್ರಿಯಲ್ಲಿ ಅದು ಕಂತು ತಪ್ಪಿದ ದಿನದಿಂದ ಶುರು.

ಉತ್ತರ 2
ಡಿಕ್ರಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ಬಂದ ಹಣ ಮೊದಲು ಬಡ್ಡಿಗೆ ಮತ್ತು ಖರ್ಚಿಗೆ, ಆಮೇಲೆ ಅಸಲಿಗೆ. ಮೊದಲ ತಿಂಗಳ ಬಡ್ಡಿ 1,500, ಹಾಗಾಗಿ ಅಸಲಿಗೆ ಹೋಗುವುದು 8,500. ಉಳಿದ ಅಸಲು 2,91,500. ಮುಂದಿನ ತಿಂಗಳ ಬಡ್ಡಿ ಅದರ ಮೇಲೆ, 1,457.50. ಖರ್ಚು ಬಿಟ್ಟು ಹೀಗೇ ಇಳಿಸಿದರೆ ಐದನೇ ಕಂತಿನ ನಂತರ ಸುಮಾರು 2,57,000 ನಿಲ್ಲುತ್ತದೆ. ಐದೂ ಕಂತನ್ನು ನೇರ ಅಸಲಿನಲ್ಲಿ ಕಳೆದು 2,50,000 ಎಂದು ಹಾಕುವವರೇ ಹೆಚ್ಚು. ನಷ್ಟ ಡಿಕ್ರಿದಾರರಿಗೇ, ಅಂದರೆ ಹಣ ಬರಬೇಕಾದವರಿಗೇ.

ಪ್ರಶ್ನೆ ಕೇಳಿದವರು
ಷರತ್ತು ಇದೆ ಸರ್. ನಗದಿಗೆ ರಸೀದಿ ಕೊಟ್ಟಿಲ್ಲ. ಅದನ್ನೂ ತೋರಿಸಬೇಕಾ?

ಉತ್ತರ 1
ಖಂಡಿತ ತೋರಿಸಿ. ಕೋರ್ಟಿನ ಹೊರಗೆ ಪಡೆದ ಹಣವನ್ನು ಕೋರ್ಟಿಗೆ ತಿಳಿಸಿ ದಾಖಲಿಸುವುದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 21, ನಿಯಮ 2ರ ಪ್ರಕಾರ ಡಿಕ್ರಿದಾರರ ಹೊಣೆ. ಡಿಕ್ರಿಯ ನಂತರ ಏನು ಪಾವತಿ ಬಂತು ಎಂಬ ವಿವರ ಅರ್ಜಿಯಲ್ಲೇ ಬರೆಯಬೇಕು, ಅದರ ಕೆಳಗೆ ನಿಮ್ಮ ಸತ್ಯಾಪನೆ (ಬರೆದದ್ದು ನಿಜ ಎಂಬ ಸಹಿ ಮಾಡಿದ ಹೇಳಿಕೆ) ಇರುತ್ತದೆ. ಕಟ್ಟಿದವರೂ ಹಣ ಕೊಟ್ಟ 30 ದಿನದೊಳಗೆ ಅರ್ಜಿ ಹಾಕಿ ದಾಖಲಿಸಿಕೊಳ್ಳಬಹುದು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಇನ್ನು ಮುಂದೆ ನಗದು ಬೇಡವೇ ಬೇಡ, ಬ್ಯಾಂಕ್ ಮೂಲಕವೇ ಇರಲಿ.

ಉತ್ತರ 3
ಸಂಬಳ ಜಪ್ತಿಗೆ ಮಿತಿ ಇದೆ. ಮೊದಲ 1,000 ರೂ. ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಜಪ್ತಿಗೆ ಲೆಕ್ಕವಾಗುವ ಸಂಬಳ 31,000 ಇದ್ದರೆ ಸಿಗುವುದು 10,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಷ್ಟೇ, ಆಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಸಿಗದು. ಅಂದರೆ 2,40,000, ನಿಮ್ಮ ಬಾಕಿಗೂ ಸಾಲದು, ಅದರ ಮೇಲೆ ಬಡ್ಡಿ ಬೇರೆ. ಪಿಎಫ್ ಕೈಗೆ ಸಿಗುವುದಿಲ್ಲ. ಹಾಗಾಗಿ ಸಂಬಳವೊಂದನ್ನೇ ನೆಚ್ಚಬೇಡಿ. ಡಿಕ್ರಿ 30 ದಿನ ತೀರದೆ ಉಳಿದಿದ್ದರೆ ಅದೇ ಆದೇಶ 21ರ ನಿಯಮ 41ರಡಿ ಕಟ್ಟಬೇಕಾದವರಿಂದ ಆಸ್ತಿ ವಿವರದ ಅಫಿಡವಿಟ್ (ಪ್ರಮಾಣ ಪತ್ರ) ಕೇಳಿ. ಆದೇಶವಾದ ಮೇಲೂ ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಬಂಧನ ಆಗಬಹುದು. ಆ ಅಫಿಡವಿಟ್‌ನಲ್ಲಿ ಬ್ಯಾಂಕ್ ಖಾತೆ, ವಾಹನ, ನಿವೇಶನ ಕಂಡರೆ ಜಪ್ತಿಗೆ ಅವನ್ನೂ ಸೇರಿಸಿ.